ನಾಳೆ ಬಾ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸಂಘ ಇಪ್ಪತ್ತೈದು ವರ್ಷದಲ್ಲಿ ಎಷ್ಟು ಸಾಲ ಕೊಟ್ಟಿತು, ಎಷ್ಟು ವಸೂಲಿ ಮಾಡಿತು ಎಂಬುದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ನಾವು ಮತ್ತೆ ಓದಿದರೆ ನಿಮಗೆ ಆಕಳಿಕೆ ಬಂದೀತು. ನಾವು ಭಾಷಣಕಾರರೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕೆ ಇಳಿದವರು. ಮಾತಿನಲ್ಲಿ ಹೆಚ್ಚುಕಡಿಮೆಯಾದರೆ ನಿಮ್ಮ ಮನೆಯ ಹುಡುಗ ಎಂದು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾವು ಸಣ್ಣವರಿದ್ದಾಗ ಈ ಊರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ಹಿರಿಯರಿಗೆ ನೆನಪಿರಬೇಕು. ರಾತ್ರಿ ಹೊತ್ತು ದೆವ್ವ ಬಂದು ಪರಿಚಯದವರ ದನಿಯಲ್ಲಿ ಕೂಗುತ್ತದೆ, ಬಾಗಿಲ ಮೇಲಿನ ಬರಹ ಓದಿ ಹಿಂದಕ್ಕೆ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹೋಗುತ್ತದೆ ಎಂದು ಹೇಳುತ್ತಿದ್ದರು. ದೆವ್ವಕ್ಕೆ ಕನ್ನಡ ಓದಲು ಬರುತ್ತದಲ್ಲ ಎಂಬುದೇ ಆಗ ನಮಗೆ ದೊಡ್ಡ ಆಶ್ಚರ್ಯ. ಈಗ ಆ ಬರಹ ಬಾಗಿಲುಗಳ ಮೇಲೆ ಇಲ್ಲ. ಆದರೆ ಆ ಮಾತು ಎಲ್ಲಿಗೂ ಹೋಗಿಲ್ಲ. ಕಚೇರಿಯ ಕಿಟಕಿಗೆ ಹೋದರೆ ‘ನಾಳೆ ಬಾ’. ಬ್ಯಾಂಕಿಗೆ ಹೋದರೆ ‘ಸರ್ವರ್ ಇಲ್ಲ, ನಾಳೆ ಬಾ’. ಕರೆಂಟಿನವರನ್ನು ಕೇಳಿದರೆ ‘ಲೈನ್‌ಮನ್ ಇಲ್ಲ, ನಾಳೆ ನೋಡೋಣ’. ದೆವ್ವಕ್ಕೆ ಮಾಡುತ್ತಿದ್ದ ಮರ್ಯಾದೆಯನ್ನು ಈಗ ಸಾರ್ವಜನಿಕರಿಗೆ ಮಾಡುತ್ತಿದ್ದಾರೆ. ನಾವೂ ಆ ದೆವ್ವದ ಹಾಗೆಯೇ ಓದುವುದು, ಹಿಂದಕ್ಕೆ ಬರುವುದು, ಮತ್ತೆ ಹೋಗುವುದು.

ನಮ್ಮ ಸೀಮೆಯ ಜನಕ್ಕೆ ಈ ತಿರುಗಾಟ ಹೊಸದಲ್ಲ. 1953ರ ಅಕ್ಟೋಬರ್ 1ರವರೆಗೆ ನಮ್ಮ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ರೈತರು ದೊಡ್ಡ ಕೆಲಸ ಏನೇ ಇದ್ದರೂ ಬುತ್ತಿ ಕಟ್ಟಿಕೊಂಡು ಬಳ್ಳಾರಿಗೆ ಹೋಗಿ ಬಂದವರು. ಹರಪನಹಳ್ಳಿಯ ನಮ್ಮ ಬೀಗರದ್ದು ಇನ್ನೂ ಚೆಂದದ ಕಥೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅವರ ತಾಲೂಕನ್ನು ಅದಕ್ಕೆ ಸೇರಿಸಿದರು. 371 ಜೆ ಸೌಲಭ್ಯ ಬಂದಾಗ ಪಕ್ಕದ ಹಡಗಲಿ, ಕೂಡ್ಲಿಗಿ ಹುಡುಗರಿಗೆ ಮೀಸಲಾತಿ ಸಿಕ್ಕಿತು, ಹರಪನಹಳ್ಳಿ ಹುಡುಗರು ಬಾಯಿ ಬಾಯಿ ಬಿಟ್ಟರು. ಹೋರಾಟ ಮಾಡಿ 2018ರಲ್ಲಿ ಮತ್ತೆ ಬಳ್ಳಾರಿ ಜಿಲ್ಲೆಗೆ ಬಂದರು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ನಮ್ಮ ಜೊತೆ ಅವರೂ ಹೊಸಪೇಟೆಯ ಕಡೆ ಮುಖ ಮಾಡಿದರು. ನಮ್ಮ ಬೀಗರು ಹೇಳುತ್ತಾರೆ: “ಮನಿ ಬಿಟ್ಟು ಕದಲಿಲ್ಲ, ಮೂರು ಜಿಲ್ಲೆ ನೋಡಿಬಿಟ್ವಿ. ನಮ್ಮ ಫೈಲು ಎಷ್ಟು ಜಿಲ್ಲೆ ನೋಡೈತೋ ಆ ಫೈಲಿಗೇ ಗೊತ್ತು.” ನಗಬೇಡಿ. ಅವರು ಅಣ್ಣತಮ್ಮಂದಿರ ಪಾಲಿನ ಕಾಗದ ಹುಡುಕುತ್ತಾ ಎರಡು ಊರಿನ ದಾಖಲೆ ಕೋಣೆ ತಿರುಗಿದ್ದಾರೆ. ಇಲ್ಲಿ ಕೇಳಿದರೆ ಅಲ್ಲಿಗೆ ಕಳಿಸಿದ್ದೇವೆ ಎನ್ನುವುದು, ಅಲ್ಲಿ ಕೇಳಿದರೆ ಇಲ್ಲಿಗೆ ಬಂದಿಲ್ಲ ಎನ್ನುವುದು.

ನಮ್ಮದೇ ಒಂದು ಸಂಗತಿ ಹೇಳುತ್ತೇವೆ. ಪಹಣಿಗಳು ಕಂಪ್ಯೂಟರಿಗೆ ಹೋದದ್ದು ನಮ್ಮ ಸಂಘ ಹುಟ್ಟಿದ ಆಸುಪಾಸಿನ ವರ್ಷಗಳಲ್ಲಿ. ಒಳ್ಳೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ. ಕೈಬರಹದ ಪಹಣಿಗಾಗಿ ಕೈಮುಗಿದು ನಿಲ್ಲುವುದು ತಪ್ಪಿತು. ಆದರೆ ಟೈಪು ಮಾಡುವಾಗ ನಮ್ಮ ತಂದೆಯವರ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಯಿತು. ಇಪ್ಪತ್ತು ವರ್ಷ ಅದರಿಂದ ಏನೂ ಆಗಲಿಲ್ಲ. ಆಧಾರ್ ಬಂದ ಮೇಲೆ ಆ ಅಕ್ಷರ ಎದ್ದು ಕುಳಿತಿತು. ಪಹಣಿಯಲ್ಲಿರುವ ಹೆಸರಿಗೂ ಆಧಾರಿನ ಹೆಸರಿಗೂ ತಾಳೆ ಇಲ್ಲವೆಂದು ಬೆಳೆವಿಮೆ ಅರ್ಜಿ ನಿಂತಿತು. ವಿಮೆಯ ಕಂತು ಮುಂಗಾರಿಗೆ ನೂರಕ್ಕೆ ಎರಡು ರೂಪಾಯಿ, ಅದು ಹೊರೆಯಲ್ಲ. ಕಟ್ಟಲು ಹೋದವನನ್ನು ‘ನೀನು ನಿಮ್ಮಪ್ಪನ ಮಗ ಅಂತ ರುಜುವಾತು ತಾ’ ಎಂದರೆ ಏನು ಮಾಡುವುದು? ಒಂದು ಅಕ್ಷರ ತಿದ್ದಿಸಲು ಒಂದು ಕಚೇರಿಗೆ ಹನ್ನೊಂದು ಸಲ ಅಲೆದೆವು. ತಪ್ಪು ಮಾಡಿದ್ದು ಅವರು, ಅಫಿಡವಿಟ್ಟು ಮಾಡಿಸಿ ಕೊಟ್ಟದ್ದು ನಾವು.

ಸರಕಾರದ ಕಚೇರಿ ಮಾತ್ರ ಹೀಗೆ ಎಂದು ಯಾರೂ ತಿಳಿಯಬಾರದು. ವ್ಯಾಪಾರದವರೂ ಕಡಿಮೆ ಇಲ್ಲ. ಪೇಟೆಗೆ ಉಳ್ಳಾಗಡ್ಡಿ ಕಳಿಸಿದವರಿಗೆ ಗೊತ್ತು. ಮನೆಯಲ್ಲಿ ತೂಗಿದ ಚೀಲ ಲಾರಿ ಇಳಿಯುವ ಹೊತ್ತಿಗೆ ಸಣಕಲಾಗಿರುತ್ತದೆ. ಪಟ್ಟಿ ಬಂದರೆ ಅದರಲ್ಲಿ ಹಮಾಲಿ, ಲಾರಿ ಬಾಡಿಗೆ, ಸ್ಯಾಂಪಲ್ಲು, ಇವೆಲ್ಲದರ ಕೆಳಗೆ ದಲಾಲಿ. ಕಾನೂನಿನ ಪ್ರಕಾರ ದಲಾಲಿಯನ್ನು ಮಾಲು ಕೊಂಡವರು ಕೊಡಬೇಕೇ ಹೊರತು ಬೆಳೆದವರಲ್ಲ. ಹಾಗೆಂದು ಕೇಳಿದರೆ ಅಚ್ಚಾದ ರಸೀದಿ ಒಳಗೆ ಹೋಗಿ ಬಿಳಿ ಚೀಟಿ ಹೊರಗೆ ಬರುತ್ತದೆ. ಬಸ್ಸಿನಲ್ಲಿ ಚಿಲ್ಲರೆ ಬಾಕಿಯನ್ನು ಟಿಕೇಟಿನ ಬೆನ್ನಿಗೆ ಬರೆದುಕೊಟ್ಟು, ಇಳಿಯುವ ಹೊತ್ತಿಗೆ ಕಂಡಕ್ಟರು ಮುಂದಿನ ಬಾಗಿಲಲ್ಲಿ ನಿಂತಿರುತ್ತಾರೆ. ಅಂಗಡಿಯಲ್ಲಿ ಎರಡು ರೂಪಾಯಿಗೆ ಚಾಕಲೇಟು ಕೊಡುತ್ತಾರೆ. ನಾಳೆ ಅದೇ ಎರಡು ಚಾಕಲೇಟು ತಂದು ಬೆಂಕಿಪೊಟ್ಟಣ ಕೊಡ್ರಿ ಎಂದರೆ ಕೊಡುತ್ತಾರೇನು?

ಬೀಜದ ವಿಷಯಕ್ಕೆ ಬಂದರೆ ಇದು ನಗುವ ಮಾತಲ್ಲ. ಸೂರ್ಯಕಾಂತಿ ಬಿತ್ತಿ ಮೊಳಕೆ ಬಾರದೆ ಹೊಲ ಹರಗಿದವರು ನಮ್ಮ ಆರೂ ತಾಲೂಕಿನಲ್ಲಿ ಇದ್ದಾರೆ. ಅಂಗಡಿಗೆ ಹೋದರೆ ‘ನಿಮ್ಮ ಭೂಮಿ ಸರಿ ಇಲ್ಲ’, ‘ಹದ ತಪ್ಪಿ ಬಿತ್ತೀರಿ’. ಬಿಲ್ಲು ಎಲ್ಲಿ ಎಂದರೆ ನಮ್ಮ ಹತ್ತಿರ ಇರುವುದಿಲ್ಲ, ಏಕೆಂದರೆ ಬಿಲ್ಲು ಬೇಡವೆಂದರೆ ನಾಲ್ಕು ರೂಪಾಯಿ ಕಡಿಮೆ ಮಾಡುತ್ತೇವೆ ಎಂದಿರುತ್ತಾರೆ. ಒಂದು ಮಾತು ತಿಳಿದಿರಲಿ. ಆಂಧ್ರದ ರೈತರು ಬೀಜ ಕೆಟ್ಟಿತೆಂದು ಹೂಡಿದ ಮೊಕದ್ದಮೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು. ಕಂಪನಿಯವರು, ರೈತ ಸ್ವಲ್ಪ ಬೀಜ ಉಳಿಸಿಟ್ಟು ಪರೀಕ್ಷೆಗೆ ಕೊಡಬೇಕಿತ್ತು ಎಂದು ವಾದ ಮಾಡಿದ್ದರು. ಕೊಂಡ ಬೀಜವನ್ನೆಲ್ಲ ರೈತ ಬಿತ್ತಿಬಿಡುತ್ತಾನೆ, ಪರೀಕ್ಷೆಗೆಂದು ಎತ್ತಿಡುತ್ತಾನೆಂದು ಬಯಸುವುದು ಸರಿಯಲ್ಲ ಎಂದು ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಒಕ್ಕಲುತನ ಬಲ್ಲವರೇ ಬರೆದ ಹಾಗಿದೆ ಆ ಮಾತು. ಗ್ರಾಹಕರ ಕಾನೂನು ಮೊದಲು ಬಂದದ್ದು 1986ರಲ್ಲಿ. ಈಗಿನದು 2019ರ ಕಾನೂನು, 2020ರ ಜುಲೈನಿಂದ ಜಾರಿಗೆ ಬಂತು. ಇದರಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಂಡ ಸಾಮಾನಿನ ಬೆಲೆ 5 ಲಕ್ಷದೊಳಗಿದ್ದರೆ ಫೀಸೂ ಇಲ್ಲವೆಂದು ನಿಯಮ ಮಾಡಿದರು. ಬಿಲ್ಲು ಮಾತ್ರ ಇರಬೇಕು. ನಾಲ್ಕು ರೂಪಾಯಿ ಆಸೆಗೆ ಅದನ್ನು ಬಿಡಬೇಡಿ.

ಕಚೇರಿಗಳಿಗೂ ಲಗಾಮು ಇಲ್ಲವೆಂದಲ್ಲ. ಸಕಾಲ ಕಾಯಿದೆ 2011ರಲ್ಲಿ ಆಗಿ 2012ರ ಏಪ್ರಿಲ್‌ನಿಂದ ನಡೆಯಿತು. ಇಂಥ ಕೆಲಸ ಇಷ್ಟು ದಿನದಲ್ಲಿ ಆಗಬೇಕು, ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಕೊಡಬೇಕು ಎಂದು ಅದರಲ್ಲಿ ಬರೆದರು. ಆದರೆ ಅರ್ಜಿ ಕೊಟ್ಟಾಗ ಸಕಾಲ ನಂಬರಿನ ಚೀಟಿ ಕೇಳಿ ತೆಗೆದುಕೊಂಡವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿಸುವುದು ಬೇಡ, ನಮ್ಮ ಕೈಯೂ ಮೇಲೆ ಹೋಗುವುದಿಲ್ಲ. ಆ ಹನ್ನೊಂದು ಸಲದಲ್ಲಿ ಒಂದು ಸಲವೂ ಕೇಳಲಿಲ್ಲ. ಎಲ್ಲಿ ಸಾಹೇಬರಿಗೆ ಸಿಟ್ಟು ಬಂದೀತೋ ಎಂಬ ಅಂಜಿಕೆ.

ಒಂದೇ ಒಂದು ಸಲ ಅಂಜಲಿಲ್ಲ. ಅದನ್ನು ಹೇಳಲೇಬೇಕು, ಏಕೆಂದರೆ ಮುಂದಿನ ಮಾತಿಗೆ ಅದೇ ಬುನಾದಿ.

2023ರ ಮೊದಲಿಗೆ ಪೇಟೆಯಲ್ಲಿ ಒಂದು ಎಟಿಎಂನಲ್ಲಿ 5,000 ರೂಪಾಯಿ ತೆಗೆಯಲು ಕಾರ್ಡು ಹಾಕಿದೆವು. ಮೆಷೀನು ಗರಗರ ಅಂದು ಸುಮ್ಮನಾಯಿತು. ದುಡ್ಡು ಬರಲಿಲ್ಲ, ಖಾತೆಯಿಂದ ಮಾತ್ರ ಕಟ್ಟಾಯಿತು. ನಮ್ಮ ಬ್ಯಾಂಕಿಗೆ ಹೋದರೆ ‘ಅದು ಬೇರೆ ಬ್ಯಾಂಕಿನ ಮೆಷೀನು, ಅಲ್ಲಿ ಕೇಳಿ’. ಅಲ್ಲಿಗೆ ಹೋದರೆ ‘ಖಾತೆ ಯಾವ ಬ್ಯಾಂಕಿನದೋ ಅಲ್ಲಿ ಕೇಳಿ’. ಮಗಳ ಕಾಲೇಜಿನ ಫೀಸಿನ ದುಡ್ಡು ಅದು. ಎರಡು ಕಡೆಯೂ ಗೋಡೆಯ ಮೇಲೆ ಒಂದೇ ಫಲಕ ತೂಗುಹಾಕಿದ್ದರು. ಗಿರಾಕಿಯೇ ನಮಗೆ ದೊಡ್ಡವನು, ಅವನಿಂದಲೇ ನಾವು ಎಂಬ ಅರ್ಥದ್ದು, ಕೆಳಗೆ ಮಹಾತ್ಮ ಗಾಂಧಿ ಎಂದು ಹೆಸರು. ಅದು ಗಾಂಧೀಜಿ ಹೇಳಿದ್ದೆನ್ನಲು ಆಧಾರ ಸಿಕ್ಕಿಲ್ಲ ಎಂದು ಓದಿದವರು ಹೇಳುತ್ತಾರೆ. ಇರಲಿ. ನಮ್ಮ ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೇ ತಂದಿಟ್ಟು ಸ್ಮಾರಕ ಕಟ್ಟಿದ್ದಾರೆ. ಅಂಥ ಸೀಮೆಯವರಿಗೆ ಗಾಂಧಿಯ ಹೆಸರಿನ ಕೆಳಗೇ ಕೂರಿಸಿ ಮೂರು ತಾಸು ಕಾಯಿಸಿದರು.

ನಮ್ಮ ಅಕ್ಕನ ಮಗ ಓದಿದವನು. ಅವನು ಹೇಳಿದ: “ಮಾಮಾ, ಬಾಯಿಲೆ ಹೇಳಬ್ಯಾಡ, ಬರೆದುಕೊಡು. ಬರೆದುಕೊಟ್ಟದ್ದಕ್ಕ ಸಹಿ ಹಾಕಿಸ್ಕೋ.” ರಿಸರ್ವ್ ಬ್ಯಾಂಕು 2019ರಲ್ಲೇ ನಿಯಮ ಮಾಡಿದೆಯಂತೆ. ಎಟಿಎಂನಲ್ಲಿ ದುಡ್ಡು ಬಾರದೆ ಖಾತೆಯಿಂದ ಹೋದರೆ ಐದು ದಿನದೊಳಗೆ ವಾಪಸು ಹಾಕಬೇಕು, ಆಮೇಲೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ, ನಾವು ಕೇಳದಿದ್ದರೂ, ಸೇರಿಸಿ ಕೊಡಬೇಕು. ನಮ್ಮ ಖಾತೆ ಇದ್ದ ಬ್ಯಾಂಕಿಗೆ ಅರ್ಜಿ ಬರೆದೆವು. ಸಹಿ ಹಾಕಲು ಅವರಿಗೆ ಮನಸ್ಸಿರಲಿಲ್ಲ, ನಾವು ಕುರ್ಚಿ ಬಿಡಲಿಲ್ಲ. ಮೂವತ್ತು ದಿನ ಕಾದೆವು. ಉತ್ತರ ಇಲ್ಲ. ಬ್ಯಾಂಕುಗಳ ಮೇಲಿನ ದೂರು ಕೇಳಲು ಓಂಬುಡ್ಸ್‌ಮನ್ ಅಂತ ರಿಸರ್ವ್ ಬ್ಯಾಂಕೇ ನೇಮಿಸಿರುತ್ತದೆ, 2021ರ ನವೆಂಬರಿನಲ್ಲಿ ಅದನ್ನೆಲ್ಲ ಒಂದೇ ಕಡೆ ತಂದರು. ದೂರಿಗೆ ಖರ್ಚಿಲ್ಲ. ಕಾಗದದ ದೂರು ಚಂಡೀಗಢಕ್ಕೆ ಹೋಗಬೇಕು ಎಂದ ಹುಡುಗ. ಚಂಡೀಗಢ ನಾವು ಭೂಪಟದಲ್ಲಿ ಮಾತ್ರ ನೋಡಿದ್ದು. ರಿಜಿಸ್ಟರ್ ಪೋಸ್ಟು ಮಾಡಿದೆವು. ಎಪ್ಪತ್ತಮೂರನೆಯ ದಿನ ಖಾತೆಗೆ 5,000 ಬಂತು, ಅದರ ಬೆನ್ನಿಗೆ ಅರವತ್ತೆಂಟು ದಿನಕ್ಕೆ 6,800 ಬಂತು. ಅಸಲಿಗಿಂತ ದಂಡವೇ ಹೆಚ್ಚು!

ಆ ಖುಷಿ ಕೇಳಬೇಡಿ. ಊರೆಲ್ಲ ಹೇಳಿಕೊಂಡು ತಿರುಗಿದೆವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಂಘದ ವಾರ್ಷಿಕ ಮಹಾಸಭೆ. ಇತರೆ ವಿಷಯಗಳು ಎಂದು ಬಂದಾಗ ನಾವು ಎದ್ದು ನಿಂತು, ಸದಸ್ಯರು ತಮ್ಮ ಹಕ್ಕು ತಿಳಿದುಕೊಳ್ಳಬೇಕು ಎಂದು ಈ ಚಂಡೀಗಢದ ಕಥೆಯನ್ನು ರಸವತ್ತಾಗಿ ಹೇಳಿದೆವು. ಚಪ್ಪಾಳೆ ಬಿತ್ತು. ಕೂರಬೇಕು ಎನ್ನುವಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ ಎದ್ದಳು. ಹೆಸರು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಅಜ್ಜಿ ಕೇಳಿದಳು:

“ತಮ್ಮಾ, ಬ್ಯಾಂಕಿನೋರು ನಿನಗ ದಿನಕ್ಕ ನೂರು ರೂಪಾಯಿ ಕೊಟ್ರು. ಹ್ವಾದ ವರ್ಷ ನಾ ನಮ್ಮ ಸಂಘದ ಬಾಗ್ಲಾಗ ಮೂರು ದಿನ ನಿಂತಿನಲ್ಲಾ, ನೀವು ನನಗೆಷ್ಟು ಕೊಡ್ತೀರಿ?”

ಸಭೆ ನಕ್ಕಿತು. ನಾವೂ ನಕ್ಕೆವು. ಆಮೇಲೆ ನಗು ನಿಂತಿತು, ಏಕೆಂದರೆ ಅಜ್ಜಿ ಕೂರಲಿಲ್ಲ. ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.

ನಡೆದದ್ದು ಇಷ್ಟು. 2022ರ ಜುಲೈ. ಮೆಕ್ಕೆಜೋಳ ಮೊಣಕಾಲುದ್ದ ಬಂದಿತ್ತು, ಮಳೆಯೂ ಚೆನ್ನಾಗಿತ್ತು, ಎಲ್ಲರಿಗೂ ಒಂದೇ ವಾರದಲ್ಲಿ ಯೂರಿಯಾ ಬೇಕಾಯಿತು. ಸಂಘಕ್ಕೆ ಒಂದೇ ಲೋಡು ಬಂತು. ಗೊಬ್ಬರವನ್ನು ಹೆಬ್ಬೆಟ್ಟಿನ ಮೆಷೀನಿನಲ್ಲಿ ಮಾರುವ ಪದ್ಧತಿ 2018ರ ಹೊತ್ತಿಗೆ ದೇಶಕ್ಕೆಲ್ಲ ಬಂದದ್ದು ನಿಮಗೆ ಗೊತ್ತು. ಅಜ್ಜಿಗೆ ಎರಡು ಎಕರೆ, ಎರಡು ಚೀಲ ಬೇಕು. ಮೆಷೀನು ಅವಳ ಬೆರಳು ಹಿಡಿಯಲಿಲ್ಲ. ಅರವತ್ತು ವರ್ಷ ಕಳೆ ಕಿತ್ತ ಕೈ, ಸೆದೆ ಹೊತ್ತ ಕೈ, ಅದರಲ್ಲಿ ಗೆರೆ ಎಲ್ಲಿ ಉಳಿದಿರುತ್ತವೆ? ಕೌಂಟರಿನಲ್ಲಿ ಕುಳಿತವರು ‘ನಾಳೆ ಬಾ’ ಎಂದರು. ಮರುದಿನ ಬಂದಳು, ಸರ್ವರ್ ಇರಲಿಲ್ಲ, ‘ನಾಳೆ ಬಾ’. ಮೂರನೆಯ ದಿನ ಬಂದಳು, ಗೊಬ್ಬರ ಖಾಲಿ. ಆಗ ಹೊರಗೆ ಖಾಸಗಿ ಅಂಗಡಿಯಲ್ಲಿ 266 ರೂಪಾಯಿಯ ಚೀಲಕ್ಕೆ 400 ಕೊಟ್ಟು, ಜೊತೆಗೆ ಬೇಡದ ಜಿಂಕ್ ಪಾಕೀಟೂ ಕಟ್ಟಿಸಿಕೊಂಡು ಒಯ್ದಳು. ಒಂದೇ ಚೀಲ. ಇನ್ನೊಂದು ಎಕರೆ ಹಳದಿ ಬಿದ್ದಿತು.

ಈಗ ನಮ್ಮ ಪಾಲು. ಆ ಎರಡನೆಯ ದಿನ ನಾವು ಸಂಘದ ಒಳಗಿನ ಕೋಣೆಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆವು. ‘ನಾಳೆ ಬಾ’ ಎಂದದ್ದು ನಮ್ಮ ಕಿವಿಗೆ ಬಿತ್ತು. ಎದ್ದು ಹೋಗಿ ಬೇರೆ ಬೆರಳು ಇಟ್ಟು ನೋಡಿರಿ, ಇಲ್ಲ ಮೊಮ್ಮಗನ ಹೆಬ್ಬೆಟ್ಟು ತಗೊಳ್ಳಿರಿ ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಹೇಳಲಿಲ್ಲ. ಇನ್ನೊಂದು ಮಾತು ಇಲ್ಲಿಯವರೆಗೆ ಎಲ್ಲೂ ಹೇಳಿಲ್ಲ. ನಮ್ಮ ಹನ್ನೆರಡು ಚೀಲ ಲೋಡು ಇಳಿದ ರಾತ್ರಿಯೇ ನಮ್ಮ ಟ್ರಾಕ್ಟರಿನಲ್ಲಿ ಮನೆ ಸೇರಿದ್ದವು. ನಿರ್ದೇಶಕರು ನೋಡಿ! ಸಾಲಿನಲ್ಲಿ ನಿಂತರೆ ಮರ್ಯಾದೆ ಹೋಗುತ್ತದೆ.

ಮಹಾಸಭೆಯಲ್ಲಿ ಅಜ್ಜಿಗೆ ಉತ್ತರ ಕೊಡಲು ಆಗಲಿಲ್ಲ. ಅಧ್ಯಕ್ಷರು ‘ಪರಿಶೀಲಿಸೋಣ’ ಎಂದರು. ಪರಿಶೀಲಿಸೋಣ ಎಂದರೂ ನಾಳೆ ಬಾ ಎಂದೇ ಅರ್ಥ, ಇಸ್ತ್ರಿ ಮಾಡಿದ್ದು ಅಷ್ಟೆ. ನಡವಳಿ ಪುಸ್ತಕದಲ್ಲಿ ಅವಳ ಪ್ರಶ್ನೆ ಬರೆಯಲಿಲ್ಲ. ಆಮೇಲೆ ನಾವು ಕೇಳಿದರೆ ಕಾರ್ಯದರ್ಶಿಗಳು “ಅದನ್ನ ಏನಂತ ಬರೀಲಿ?” ಎಂದರು. ನಮಗೂ ಹೊಳೆಯಲಿಲ್ಲ.

ಸಹಕಾರಿಗಳು ಹುಟ್ಟಿದ್ದು ಯಾಕೆ ಎಂಬುದನ್ನು ತರಬೇತಿಗೆ ಹೋದಾಗ ನಮಗೆ ಪಾಠ ಮಾಡಿದ್ದರು. ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ ಇಪ್ಪತ್ತೆಂಟು ಜನ, ಅವರಲ್ಲಿ ಹಲವರು ನೇಕಾರರು, ಕೂಡಿ ಒಂದು ಅಂಗಡಿ ಹಾಕಿದರು. ಹಿಟ್ಟು, ಬೆಣ್ಣೆ, ಸಕ್ಕರೆ ಇಂಥವೇ ನಾಲ್ಕು ಸಾಮಾನು. ಊರ ಅಂಗಡಿಯವರು ಹಿಟ್ಟಿಗೆ ಬೆರಕೆ ಮಾಡುತ್ತಿದ್ದರು, ತೂಕದಲ್ಲಿ ಹೊಡೆಯುತ್ತಿದ್ದರು, ಕೇಳಿದರೆ ಬೇಕಾದರೆ ತಗೋ ಎನ್ನುತ್ತಿದ್ದರು. ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದೂ ಸಾಹುಕಾರರ ಬಾಗಿಲು ಕಾಯುವುದು ರೈತರಿಗೆ ತಪ್ಪಲಿ ಎಂದೇ. ಬೇರೆಯವರ ಬಾಗಿಲಲ್ಲಿ ಕಾದು ಸಾಕಾದವರು ತಮ್ಮದೇ ಬಾಗಿಲು ಮಾಡಿಕೊಂಡರು. ಆ ಬಾಗಿಲಲ್ಲೇ ನಾವು ಅಜ್ಜಿಯನ್ನು ನಿಲ್ಲಿಸಿದೆವು. ಬ್ಯಾಂಕಿನವರಿಗೆ ಅರ್ಜಿ ಕೊಡಬಹುದು, ಚಂಡೀಗಢ ಇದೆ. ಅಜ್ಜಿ ನಮ್ಮ ಮೇಲೆ ಎಲ್ಲಿಗೆ ಬರೆಯಬೇಕು? ಸಂಘದ ಮಾಲೀಕರಲ್ಲಿ ಅವಳೂ ಒಬ್ಬಳು. ಶೇರು ಕಟ್ಟಿಸಿಕೊಳ್ಳುವಾಗ ‘ಅಜ್ಜಿ, ಇದು ನಿನ್ನದೇ ಸಂಘ’ ಎಂದು ಹೇಳಿದ್ದು ನಮ್ಮ ತಂದೆಯವರು.

ಆಮೇಲೆ ಕೆಲವು ಬದಲಾವಣೆ ಮಾಡಿದ್ದೇವೆ, ಅದನ್ನೂ ಹೇಳಬೇಕು. ಲೋಡು ಬಂದರೆ ಎಷ್ಟು ಚೀಲ ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಹೊರಗಿನ ಬೋರ್ಡಿನಲ್ಲಿ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತೇವೆ. ಚೀಟಿ ಕೊಟ್ಟು ನಂಬರಿನ ಪ್ರಕಾರ ಕರೆಯುತ್ತೇವೆ. ನಿರ್ದೇಶಕರೂ ಚೀಟಿ ತೆಗೆದುಕೊಳ್ಳಬೇಕು. ಇದಕ್ಕೆ ನಮ್ಮಲ್ಲೇ ಇಬ್ಬರಿಗೆ ಬೇಸರವಿದೆ, ಇರಲಿ. ಯಾರಿಗಾದರೂ ‘ನಾಳೆ ಬಾ’ ಎಂದು ಹೇಳಿದರೆ ಅವರ ಹೆಸರು, ಕಾರಣ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಠರಾವು ಮಾಡಿದೆವು. ಮೊದಲ ವಾರಕ್ಕೇ ಎರಡು ಪುಟ ತುಂಬಿತು. ಓದಿದರೆ ನಮಗೇ ನಾಚಿಕೆ: ಕರೆಂಟ್ ಇಲ್ಲ, ಸರ್ವರ್ ಇಲ್ಲ, ಕಾರ್ಯದರ್ಶಿ ಬ್ಯಾಂಕಿಗೆ ಹೋಗಿದ್ದಾರೆ, ಬೀಗದ ಕೈ ಸಿಕ್ಕಿಲ್ಲ. ಒಂದು ಕಡೆ ಕಾರಣದ ಕಾಲಂನಲ್ಲಿ ‘ಸುಮ್ಮನೆ’ ಎಂದೇ ಬರೆದಿತ್ತು. ಬರೆದ ಹುಡುಗನ ಪ್ರಾಮಾಣಿಕತೆ ಮೆಚ್ಚಬೇಕು. ನಾಲ್ಕು ತಿಂಗಳಾದ ಮೇಲೆ ಆ ನೋಟ್‌ಬುಕ್ಕು ಎಲ್ಲೋ ಕಳೆಯಿತು. ಹೊಸದು ತಂದಿದ್ದೇವೆ, ಕೌಂಟರಿಗೆ ದಾರ ಹಾಕಿ ಕಟ್ಟಿದ್ದೇವೆ.

ಒಂದು ಮಾತ್ರ ಇನ್ನೂ ಸರಿಹೋಗಿಲ್ಲ. ಯೂರಿಯಾ ಬೇಕಾದರೆ ಇಂಥ ಬಾಟಲಿ ಎತ್ತಬೇಕು, ಇಂಥ ಪೊಟ್ಟಣ ಎತ್ತಬೇಕು ಎಂದು ಮೇಲಿನಿಂದ ಲಿಂಕ್ ಮಾಡಿ ಕಳಿಸುತ್ತಾರೆ. ಹಾಗೆ ಮಾಡಬಾರದೆಂದು ಸರಕಾರ ಎಷ್ಟು ಸಲ ಹೇಳಿದರೂ ನಡೆದೇ ಇದೆ. ಅವರು ನಮ್ಮ ತಲೆಗೆ ಕಟ್ಟಿದ್ದನ್ನು ನಾವು ನಿಮ್ಮ ತಲೆಗೆ ಕಟ್ಟಿದ್ದುಂಟು. ಈ ಸಲ ಬೇಡವೆಂದು ಬರೆದು ಕಳಿಸಿದೆವು. ಲೋಡು ಹತ್ತು ದಿನ ತಡವಾಗಿ ಬಂತು. ತಡ ಯಾಕಾಯಿತು ಎಂದು ಬೈದಿರಲ್ಲ, ಅದಕ್ಕೆ ಕಾರಣ ಇದು. ಮುಂದಿನ ಸಲ ಏನು ಮಾಡಬೇಕು, ತಡವಾದರೂ ಸರಿಯೇ, ಅಥವಾ ಪೊಟ್ಟಣ ತಗೊಂಡು ಬಾಯಿ ಮುಚ್ಚಿಕೊಳ್ಳಬೇಕೇ ಎಂಬುದನ್ನು ನೀವೇ ಮಹಾಸಭೆಗೆ ಬಂದು ಹೇಳಬೇಕು. ಬಾರದೆ ಮನೆಯಲ್ಲಿ ಕುಳಿತು ಬೈದರೆ ನಮಗೆ ಕೇಳಿಸುವುದಿಲ್ಲ.

ಬೆಳ್ಳಿ ಹಬ್ಬದ ಕರೆಯೋಲೆ ಹಂಚುವಾಗ ಅಜ್ಜಿಯ ಮನೆಗೆ ನಾವೇ ಹೋಗಿದ್ದೆವು. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕಾಗದ ಕೈಗೆ ಕೊಟ್ಟು, “ಅಜ್ಜಿ, ತಪ್ಪಾಗೈತಿ, ಸಂಘದ ಹಬ್ಬಕ್ಕ ನೀ ಬರಲೇಬೇಕು” ಎಂದೆವು. ಒಂದು ಹಿಡಿ ಶೇಂಗಾ ನಮ್ಮ ಅಂಗೈಗೆ ಸುರಿದು, “ಆತು ಬಿಡಪ್ಪಾ, ನಾಳೆ ಬರ್ತೀನಿ” ಎಂದಳು. ಹಬ್ಬ ನಾಳೆಯಲ್ಲ, ಇನ್ನೂ ನಾಲ್ಕು ದಿನ ಐತಿ ಎಂದು ನಾವು ಹೇಳಿದೆವು. ಆಕೆ ನಕ್ಕಳೇ ಹೊರತು ಬೇರೆ ಮಾತಾಡಲಿಲ್ಲ. ಮೊಮ್ಮಗ ಬಂದಿದ್ದಾನೆ, ಹಿಂದೆ ಬೇವಿನ ಗಿಡದ ಹತ್ತಿರ ನಿಂತಿದ್ದು ಕಾಣುತ್ತಿದೆ. ಹೆಂಗಸರ ಸಾಲಿನಲ್ಲಿ ಆಗಿನಿಂದ ನೋಡುತ್ತಿದ್ದೇವೆ, ಅಜ್ಜಿ ಇನ್ನೂ ಕಾಣಲಿಲ್ಲ.

ಹತ್ತು ನಿಮಿಷ ಎಂದು ಹೇಳಿ ಹೆಚ್ಚು ತೆಗೆದುಕೊಂಡೆವು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊಟಕ್ಕೆ ಗೋಧಿ ಹುಗ್ಗಿ ಆಗಿದೆ. ಎಲ್ಲರೂ ಕುಳಿತು ಉಂಡೇ ಹೋಗಬೇಕು, ನಿರ್ದೇಶಕರಿಗೆ ಬೇರೆ ಪಂಕ್ತಿ ಮಾಡಿಲ್ಲ. ಇಲ್ಲಿಗೆ ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.